ಮುಚ್ಚಳ ಎಲ್ಲೈತೆ ಸಾ?

ಇವತ್ತು ಬೆಳಿಗ್ಗೆ ನಮ್ಮ ಹಾಸನದ ಮನೆಯ ಕಕ್ಕಸು ಗುಳುಗುಳು ಎಂದಿತು. ಮನೆ ಕಟ್ಟಿಸಿದಾಗಿನಿಂದ ಒಂದು ದಿನವೂ ಎದುರು ಮಾತಾಡದ ಸಂಭಾವಿತ ಕಕ್ಕಸು ಅದು. ಸುರಿದ ನೀರು ಕೆಳಗಿಳಿಯುವ ಬದಲು ಮೇಲಕ್ಕೆ ಬಂದು, ಅಂಚಿನ ತನಕ ತುಂಬಿ, ಮುಂದೇನು ಎನ್ನುವ ಹಾಗೆ ನಿಂತುಕೊಂಡಿತು. ಹೊರಗೆ ಬಂದು ಸುದ್ದಿ ಮುಟ್ಟಿಸಿದೆ. ನಮ್ಮವರು ಓದುತ್ತಿದ್ದ ಪೇಪರನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, "ಮಹಡಿ ಮೇಲಿಂದು ಸರಿಯಾಗಿದೆ ತಾನೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿದರು. ಮೇಲಿನದೂ ಅದೇ ಗುಂಡಿಗೆ ಇಳಿಯುತ್ತದೆ ಎಂಬುದು, ಜೀವಮಾನವಿಡೀ ಗಣಿತ ಪಾಠ ಹೇಳಿದ ಅವರಿಗೆ ಹೊಳೆಯಲಿಲ್ಲ.

ಮಲ್ಲಿಗೆಯ ವಾಸನೆ ಹಳೆಯದನ್ನು ನೆನಪಿಸುತ್ತದೆ ಎಂದು ಬರೆಯುವವರು ಬರೆಯುತ್ತಲೇ ಇರುತ್ತಾರೆ. ಮೊದಲ ಮಳೆಯ ಮಣ್ಣಿನ ವಾಸನೆಯ ಮೇಲಂತೂ ಎಲ್ಲರೂ ಕೈಯಾಡಿಸಿ ಆಗಿದೆ. ಈ ಇನ್ನೊಂದು ವಾಸನೆಯೂ ನೆನಪು ತರುತ್ತದೆ, ಅದೂ ಚೆನ್ನಾಗಿಯೇ ತರುತ್ತದೆ. ಯಾರೂ ಬರೆಯುವುದಿಲ್ಲ ಅಷ್ಟೆ. ನೀವು ಮೂಗು ಮುಚ್ಚಿಕೊಳ್ಳುವುದಾದರೆ ಮುಚ್ಚಿಕೊಳ್ಳಿ, ಕಿವಿ ತೆರೆದಿದ್ದರೆ ನನಗೆ ಸಾಕು.

ನನ್ನನ್ನು ತೊಂಬತ್ತರ ದಶಕದಲ್ಲಿ ಕೊಟ್ಟದ್ದು ಹೊಳೆನರಸೀಪುರಕ್ಕೆ. ನನ್ನ ತವರು ಚನ್ನರಾಯಪಟ್ಟಣ. ನಡುವೆ ಹೇಮಾವತಿ ಹೊಳೆ. ಗಂಡನ ಮನೆ ದೇವಸ್ಥಾನದ ಬೀದಿಯಲ್ಲಿ ಅಂಟಿಕೊಂಡು ನಿಂತ ಹಳೆಯ ಮನೆಗಳಲ್ಲೊಂದು. ಮುಂದೆ ಜಗಲಿ, ಹಿಂದೆ ಉದ್ದನೆಯ ಹಿತ್ತಿಲು, ಹಿತ್ತಿಲಿನ ಒಂದು ಮೂಲೆಯಲ್ಲಿ ಕಕ್ಕಸು. ಮನೆಯಲ್ಲಿ ನಾಲ್ಕೇ ಜನ. ಮಾವನವರು ಸಂಸ್ಕೃತ ಪಂಡಿತರಾಗಿ ನಿವೃತ್ತರಾದವರು. ಅತ್ತೆ ಮಡಿಯ ವಿಷಯದಲ್ಲಿ ಮಾವನವರಿಗಿಂತ ಒಂದು ಕೈ ಮೇಲು. ಅವರ ಸೀರೆಗೆ ನನ್ನ ನೆರಳು ತಾಗಿದರೂ ಮತ್ತೆ ಸ್ನಾನಕ್ಕೆ ಹೋಗಿಬಿಡುತ್ತಾರೇನೋ ಎಂದು ನಾನು ಗೋಡೆಗೆ ಒರಗಿ ನಡೆಯುತ್ತಿದ್ದೆ. ನಮ್ಮವರು ಊರಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಾಲ್ಕನೆಯವಳು ನಾನು, ಹೊಸ ಸೊಸೆ.

ಆ ಮನೆಯಲ್ಲಿ ಕಕ್ಕಸು ಎಂಬ ಪದವನ್ನೇ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. 'ಹಿತ್ತಿಲಿಗೆ ಹೋಗಿ ಬರುತ್ತೇನೆ' ಎನ್ನಬೇಕು. ನಾನು ಮೊದಲ ವಾರ ಕರಿಬೇವು ಕೀಳಲು ಹೊರಟು, ಹಿತ್ತಿಲಿಗೆ ಹೋಗುತ್ತೇನೆಂದಷ್ಟೇ ಹೇಳಿ, ವಾಪಸ್ಸು ಬಂದಾಗ ಕಾಲು ತೊಳೆಸಿಕೊಂಡು ನಿಂತಿದ್ದೆ. ಮಾವನವರು ಹೋಗಿ ಬರುವುದೆಂದರೆ ಅದೊಂದು ಸಣ್ಣ ಯಜ್ಞ. ಅದಕ್ಕೆಂದೇ ಗೂಟಕ್ಕೆ ನೇತು ಹಾಕಿದ ಬೇರೆ ಪಂಚೆ, ಅದಕ್ಕೆಂದೇ ಬೇರೆ ಚೊಂಬು, ಜನಿವಾರ ಬಲಗಿವಿಗೆ, ಬಾಯಿಗೆ ಬೀಗ. ದಾರಿಯಲ್ಲಿ ಯಾರೂ ಮಾತಾಡಿಸಬಾರದು. ಬಂದ ಮೇಲೆ ಹೊಳೆಯಿಂದ ತರಿಸಿಟ್ಟ ಮಣ್ಣಿನಲ್ಲಿ ಎಡಗೈಯನ್ನು ಒಂದಿಷ್ಟು ಸಲ, ಬಲಗೈಯನ್ನು ಇನ್ನೊಂದಿಷ್ಟು ಸಲ ಉಜ್ಜಿಕೊಳ್ಳುವುದು. ನಾನು ದೂರ ನಿಂತು, ಚೊಂಬಿನ ಹನಿ ಸಿಡಿಯದಂತೆ ನೀರು ಹಾಕುವುದು. ಹೋಗುವ ವಿಧಿಯನ್ನು ಇಷ್ಟು ವಿವರವಾಗಿ ಬಲ್ಲ ಆ ಮನೆಯಲ್ಲಿ, ಹೋದದ್ದು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಒಮ್ಮೆಯೂ ಕೇಳಿಕೊಂಡಂತೆ ಕಾಣಲಿಲ್ಲ.

ಹಿತ್ತಿಲಿನ ನಡುವೆ ತುಳಸಿಕಟ್ಟೆ. ಅಂಥ ತುಳಸಿಯನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಆಳೆತ್ತರ ಬೆಳೆದು, ಅಂಗೈಯಗಲ ಎಲೆ ಬಿಟ್ಟು, ಬೇಸಿಗೆಯಲ್ಲೂ ಕಪ್ಪಗೆ ಸೊಂಪಾಗಿ ನಿಂತಿರುತ್ತಿತ್ತು. ಇಡೀ ಬೀದಿಯ ಪೂಜೆಗೆ ತುಳಸಿ ನಮ್ಮ ಮನೆಯದೇ. ದೇವಸ್ಥಾನದ ತೀರ್ಥಕ್ಕೂ ನಮ್ಮದೇ. ಮಾವನವರು ಸ್ನಾನ ಮುಗಿಸಿ ಕಟ್ಟೆಯ ಸುತ್ತ ಪ್ರದಕ್ಷಿಣೆ ಹಾಕುತ್ತಾ, ತುಳಸಿ ಕೀಳಲು ಬಂದವರಿಗೆ ಬಿಟ್ಟಿ ಉಪದೇಶ ಕೊಡುತ್ತಿದ್ದರು: "ನೀರು ಗೊಬ್ಬರಕ್ಕೆ ಹೀಗೆ ಬೆಳೆಯಲ್ಲ ಕಣಯ್ಯ. ಇದು ಆಚಾರದ ಫಲ. ಮೂರು ತಲೆಮಾರಿನ ಅನುಷ್ಠಾನ." ಅತ್ತೆ ಆಗ ಅಲ್ಲಿದ್ದರೆ ತಲೆ ತಗ್ಗಿಸಿ ರಂಗೋಲಿ ಎಳೆಯುವುದನ್ನು ಮುಂದುವರಿಸುತ್ತಿದ್ದರು. ನಾಚಿಕೆ ಎಂದು ನಾನು ತಿಳಿದುಕೊಂಡಿದ್ದೆ.

ನನಗೆ ಏಳು ತಿಂಗಳಾಗಿದ್ದಾಗ, ಕಾರ್ತೀಕದಲ್ಲಿ, ತುಳಸಿ ಹಬ್ಬ ಮುಗಿದು ಕಟ್ಟೆಯ ಮೇಲೆ ನೆಟ್ಟ ನೆಲ್ಲಿಯ ಕೊಂಬೆ ಇನ್ನೂ ಬಾಡದಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಕಕ್ಕಸು ಉಕ್ಕಿತು. ಬಕೆಟ್ಟುಗಟ್ಟಲೆ ನೀರು ಹೊಡೆದದ್ದಾಯಿತು, ತೆಂಗಿನ ಗರಿಯ ಬುಡದಲ್ಲಿ ತಿವಿದದ್ದಾಯಿತು. ತಿವಿದಷ್ಟೂ ಅದು ಹೊಸ್ತಿಲು ದಾಟಿ ಹಿತ್ತಿಲಿಗೆ ಬಂತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂಬ ಪ್ರಶ್ನೆ ಬೀದಿಯಲ್ಲಿ ಎದ್ದಿತು. ಹೊಸ ಸೊಸೆಯ ಕಾಲ್ಗುಣ ಎಂದು ಬೀದಿಯೇ ಉತ್ತರವನ್ನೂ ಕೊಟ್ಟುಕೊಂಡಿತು. ಕಾಲ್ಗುಣದಿಂದ ಮನೆಗೆ ಲಕ್ಷ್ಮಿ ಉಕ್ಕಿ ಬಂದದ್ದನ್ನು ಕೇಳಿದ್ದೆ. ನನ್ನ ಪಾಲಿಗೆ ಬಂದದ್ದು ಇದು.

ಮಾವನವರು ಜಗಲಿಯ ಮೇಲಿಂದಲೇ ತೀರ್ಪು ಕೊಟ್ಟರು. "ಸ್ವಲ್ಪ ದಿನ ಯಾರೂ ಆ ಕಡೆ ಹೋಗಬೇಡಿ. ತಾನಾಗೇ ಇಳಿಯುತ್ತೆ." ಅಪ್ಪ ಮಗ ಇಬ್ಬರೂ ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊಳೆದಂಡೆಗೆ ಹೊರಟರು. ಅಲ್ಲಿ ಯಾರು ಯಾರೋ ಸಿಕ್ಕಿದರಂತೆ, ಊರ ರಾಜಕೀಯ ಆಡಿದರಂತೆ. ಮುಖ ಅರಳಿಸಿಕೊಂಡು ಬಂದು, "ಎಷ್ಟು ಹಿತವಾದ ಗಾಳಿ! ಹಿಂದಿನೋರು ಸುಮ್ಮನೆ ಹೊಳೆಗೆ ಹೋಗ್ತಿರಲಿಲ್ಲ," ಎಂದು ಇನ್ನೊಂದು ದೋಸೆ ಹಾಕಿಸಿಕೊಂಡರು. ಆ ದೋಸೆ ತಿರುವಿ ಹಾಕುವಾಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಏಳು ತಿಂಗಳ ಬಸುರಿಯ ಅವಸರ ಎಂಥದ್ದು ಎಂದು ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ, ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ. ಹೊಟ್ಟೆಯೊಳಗಿನದು ಒಮ್ಮೆ ಒದ್ದರೆ ನಾನು ಏಳಬೇಕು. ತವರಿಗೆ ಹೋಗಿ ಇದ್ದು ಬರುತ್ತೇನೆ ಎಂದೆ. ಚನ್ನರಾಯಪಟ್ಟಣದ ಬಸ್ಸು ಹತ್ತಿದರೆ ಒಂದು ನಿದ್ದೆಯ ದಾರಿ. ಮಾವನವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಆ ಮನೆಯಲ್ಲಿ ಬಸುರಿಯರು ಹೊಳೆ ದಾಟುವ ಹಾಗಿಲ್ಲ. ಬೇರೆ ಮನೆಗಳಲ್ಲಿ ಇದು ನಂಬಿಕೆ. ನಮ್ಮ ಮನೆಯಲ್ಲಿ ಇದಕ್ಕೆ ಸಾಕ್ಷಿಯೂ ಇತ್ತು. "ನಿಮ್ಮತ್ತೆ ಚೊಚ್ಚಲಲ್ಲಿ ಹಠ ಮಾಡಿ ಹೊಳೆ ದಾಟಿ ಹಾಸನಕ್ಕೆ ತವರಿಗೆ ಹೋದಳು. ಏನಾಯ್ತು? ಕೂಸು ದಕ್ಕಲಿಲ್ಲ. ನಮ್ಮಪ್ಪ ಅವತ್ತೇ ಹೇಳಿದ್ರು, ಇನ್ನು ಈ ಮನೇಲಿ ಯಾವ ಬಸುರಿಯೂ ಹೊಳೆ ದಾಟಕೂಡದು ಅಂತ." ಮಾವನವರು ಇದನ್ನು ಹೇಳುವಾಗ ಅತ್ತೆ ಒಲೆಯ ಮುಂದೆ ಕೂತಿದ್ದರು. ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಊದಿದರು.

ಹೀಗೆ, ಗಂಡಸರಿಗೆ ದಿನಕ್ಕೆ ಎರಡು ಸಲ ಬಾಗಿಲು ತೆರೆದ ಹೊಳೆ ನನಗೆ ಮಾತ್ರ ಮುಚ್ಚಿಕೊಂಡಿತು.

ಮರುದಿನ ನಮ್ಮವರು ಎಲ್ಲಿಂದಲೋ ಕಕ್ಕಸು ಗುಂಡಿ ಹೀರುವ ಒಂದು ಗಾಡಿ ಹಿಡಿದು ತಂದರು. ಟ್ರ್ಯಾಕ್ಟರಿಗೆ ಟ್ಯಾಂಕರು ಕಟ್ಟಿ, ಅದಕ್ಕೊಂದು ದಪ್ಪ ಪೈಪು ಸುತ್ತಿದ್ದ ಗಾಡಿ. ಅದನ್ನು ಓಡಿಸುವ ಪುಟ್ಟರಾಜು ಬೀಡಿ ಎಸೆದು ಇಳಿದು, ಹಿತ್ತಿಲನ್ನೆಲ್ಲ ಒಂದು ಸುತ್ತು ನೋಡಿ ಕೇಳಿದ:

"ಮುಚ್ಚಳ ಎಲ್ಲೈತೆ ಸಾ?"

ನಮ್ಮವರು ಮಾವನವರ ಮುಖ ನೋಡಿದರು. ಮಾವನವರು ಆಕಾಶ ನೋಡಿದರು. "ಅದೆಲ್ಲ ನಮ್ಮಪ್ಪನ ಕಾಲದ್ದು."

"ಯಾರ ಕಾಲದ್ದಾದ್ರೂ ಮುಚ್ಚಳ ಒಂದು ಇರ್ಬೇಕಲ್ಲ ಸಾ? ಮುಚ್ಚಳ ತೋರ್ಸಿ, ಒಂದ್ ಗಳಿಗೇಲಿ ಎಳ್ದು ಬಿಸಾಕ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಹೆಂಗಸರಿಗೇನು ಗೊತ್ತಿರುತ್ತದೆ?

ಪುಟ್ಟರಾಜು ಧೈರ್ಯ ಹೇಳಿದ. "ಯೋಚ್ನೆ ಮಾಡ್ಬ್ಯಾಡಿ. ಅರಕಲಗೂಡಲ್ಲಿ ಒಬ್ರ ಮನೇಲಿ ಇಂಗೇ ಆಗಿತ್ತು. ನಾನು ಮೂಗಲ್ಲೇ ಇಡ್ಕೊಟ್ಟೆ." ಎಂದವನೇ ಮೂಗು ಅರಳಿಸಿಕೊಂಡು ಹಿತ್ತಿಲು ತಿರುಗಿದ. ಇಡೀ ಬೀದಿ ನಾರುತ್ತಿರುವಾಗ ಅವನ ಮೂಗಿಗೆ ಏನು ಹೊಸದು ಸಿಕ್ಕಿತೋ, ಹೋಗಿ ತೆಂಗಿನ ಮರದ ಬುಡದಲ್ಲಿ ನಿಂತ. "ಇಲ್ಲೇ ಕಣ್ ಸಾ. ಅಗೀರಿ." ನಮ್ಮವರು ಪಂಚೆ ಎತ್ತಿ ಕಟ್ಟಿ ಅಗೆದರು. ಒಡೆದ ಬೀಸುವ ಕಲ್ಲೊಂದು ಸಿಕ್ಕಿತು. "ಅಂಗಾದ್ರೆ ಕರಿಬೇವಿನ ಗಿಡದತ್ರ," ಎಂದ. ಅಲ್ಲಿ ಏನೂ ಸಿಗಲಿಲ್ಲ. ವಿಚಿತ್ರವೆಂದರೆ, ಎಲ್ಲಿ ಅಗೆದರೂ ಮಣ್ಣು ಸಡಿಲವಾಗಿತ್ತು, ಹಿಂದೆ ಯಾರೋ ಒಮ್ಮೆ ಇಡೀ ಹಿತ್ತಿಲನ್ನು ಅಗೆದು ಮುಚ್ಚಿದ ಹಾಗೆ. ಅದರ ಬಗ್ಗೆ ಯೋಚಿಸುವಷ್ಟು ವ್ಯವಧಾನ ನನ್ನ ಹೊಟ್ಟೆ ಕೊಡಲಿಲ್ಲ.

ಕೊನೆಗೆ ಗಣಿತ ರಂಗಕ್ಕಿಳಿಯಿತು. ನಮ್ಮವರು ಕಕ್ಕಸಿನ ಹಿಂದೆ ಕೊಳವೆ ಹೊರಡುವ ಜಾಗಕ್ಕೆ ದಾರದ ಒಂದು ತುದಿ ಕಟ್ಟಿ, ಕೊಳವೆ ತಿರುಗಿರುವ ದಿಕ್ಕಿಗೇ ದಾರವನ್ನು ಬಿಗಿಯಾಗಿ ಎಳೆದುಕೊಂಡು ನಡೆದರು. ನೆಲದ ಇಳಿಜಾರನ್ನೂ ನೋಡಿಕೊಂಡರು. ದಾರ ನೇರವಾಗಿ ಹೋಗಿ, ಯಾರ ಮುಲಾಜೂ ಇಲ್ಲದೆ, ತುಳಸಿಕಟ್ಟೆಗೆ ತಾಗಿತು. ಅವರು ದಾರ ನೋಡಿದರು. ಕಟ್ಟೆ ನೋಡಿದರು. ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದರು.

"ಲೆಕ್ಕ ಎಲ್ಲೋ ತಪ್ಪಿದೆ," ಎಂದು ದಾರ ಸುತ್ತಿಬಿಟ್ಟರು.

ಎಷ್ಟೋ ಮಕ್ಕಳಿಗೆ ಉತ್ತರ ತಪ್ಪೆಂದು ಸೊನ್ನೆ ಕೊಟ್ಟ ಮೇಷ್ಟ್ರು, ಸರಿಯಾಗಿ ಬಂದ ತನ್ನ ಉತ್ತರವನ್ನು ತಾನೇ ಹೊಡೆದುಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಪುಟ್ಟರಾಜುವಿಗೆ ಅಂಥ ಸಂಕಟವೇನೂ ಇರಲಿಲ್ಲ. ಅವನು ಸಲಾಕೆ ತಂದು ಕಟ್ಟೆಯ ಪಕ್ಕದ ಗಾರೆಯ ಮೇಲೆ ಕುಟ್ಟಿದ. ಟೊಳ್ಳು ಸದ್ದು ಬಂತು. "ಇದ್ರಡೀಲೇ ಐತೆ ಸಾ! ತುಳ್ಸವ್ವನ್ನ ಮುಚ್ಚಳದ ಮ್ಯಾಲೇ ಕೂರ್ಸವ್ರೆ!" ಎಂದು ನಗಾಡಿದ.

ಮಾವನವರ ಮುಖ ಕೆಂಪಾಯಿತು. "ಬಾಯಿ ಮುಚ್ಚಯ್ಯ! ನಮ್ಮಪ್ಪ ಕಾಶಿಗೆ ಹೋಗಿ ಬಂದೋರು. ಅಂಥ ಅನಾಚಾರ ಈ ಮನೇಲಿ ನಡೆಯೋಕೆ ಸಾಧ್ಯವೇ ಇಲ್ಲ." ಸಾಧ್ಯವಿಲ್ಲದ್ದು ಅಲ್ಲೇ ಕಾಲ ಬುಡದಲ್ಲಿ ಹರಿಯುತ್ತಿತ್ತು. ಆದರೂ ಒಂದು ಮಾತು ಇರಲಿ ಎಂದು ಜೋಯಿಸರಿಗೆ ಹೇಳಿ ಕಳಿಸಿದರು. ಜೋಯಿಸರು ಮೂಗಿಗೆ ಉತ್ತರೀಯ ಒತ್ತಿಕೊಂಡೇ ಪಂಚಾಂಗ ನೋಡಿದರು. ಕಾರ್ತೀಕದಲ್ಲಿ ತುಳಸಿಯನ್ನು ಕದಲಿಸುವಂತಿಲ್ಲ. ಅದು ಕಳೆದರೆ ಧನುರ್ಮಾಸ, ಅದರಲ್ಲೂ ಆಗದು. ಉತ್ತರಾಯಣ ಬರಲಿ, ಒಳ್ಳೆಯ ದಿನ ನೋಡಿ ಕೊಡುತ್ತೇನೆ ಎಂದರು. ಪ್ರಾಣ ಬಿಡಲು ಉತ್ತರಾಯಣ ಕಾಯುವವರ ವಿಚಾರ ಕೇಳಿದ್ದೆ. ಇದಕ್ಕೂ ಕಾಯಬೇಕೆಂದು ಅವತ್ತು ತಿಳಿಯಿತು. ಉತ್ತರಾಯಣ ಬರುವ ಹೊತ್ತಿಗೆ ನನ್ನ ಹೆರಿಗೆಯೇ ಬರುತ್ತಿತ್ತು.

ಪುಟ್ಟರಾಜು ಪೈಪು ಸುತ್ತಿಕೊಂಡ. "ನಂಗೇನು, ನಾನು ಅಳ್ಳಿಮೈಸೂರಿಗೆ ಓಯ್ತೀನಿ. ನಾಡಿದ್ದು ವಾಪಸ್ ಇಂಗೇ ಬತ್ತೀನಿ. ದ್ಯಾವ್ರು ಒಪ್ಪಿದ್ರೆ ಯೋಳಿ," ಎಂದು ಗಾಡಿ ಹತ್ತಿದ. ಗಾಡಿ ಬೀದಿಯ ತಿರುವು ದಾಟುವ ತನಕ ನಾನು ಅದನ್ನೇ ನೋಡಿದೆ. ಮದುವೆಯಾದ ದಿನ ನನ್ನಮ್ಮ ಹೊರಟುಹೋದಾಗಲೂ ನನಗೆ ಅಷ್ಟು ಅಳು ಬಂದಿರಲಿಲ್ಲ.

ಆ ಎರಡು ದಿನ ನಾನು ಬದುಕಿದ್ದು ಪಕ್ಕದ ಮನೆಯ ಪದ್ಮಕ್ಕನ ಹೆಪ್ಪಿನ ಮೇಲೆ. ಬರಿಗೈಯಲ್ಲಿ ಹೋಗಿ 'ನಿಮ್ಮ ಕಕ್ಕಸು ಕೊಡಿ' ಎಂದು ಕೇಳುವುದುಂಟೇ? ಆದ್ದರಿಂದ ಬಟ್ಟಲು ಹಿಡಿದುಕೊಂಡು, "ಪದ್ಮಕ್ಕ, ಒಂಚೂರು ಹೆಪ್ಪಿಗೆ ಮಜ್ಜಿಗೆ ಇದ್ಯಾ?" ಎಂದು ಹೋಗುವುದು, ಅವರು ಮಜ್ಜಿಗೆ ತರಲು ಒಳಗೆ ಹೋದಾಗ, "ಹಾಗೇ ಹಿತ್ತಿಲಿಗೆ ಹೋಗಿ ಬರ್ತೀನಿ," ಎನ್ನುವುದು. ಬೆಳಿಗ್ಗೆ ಹೆಪ್ಪು, ಹತ್ತು ಗಂಟೆಗೆ ಹೆಪ್ಪು, ಊಟಕ್ಕೆ ಮುಂಚೆ ಹೆಪ್ಪು, ಊಟದ ಮೇಲೆ ಹೆಪ್ಪು. ಪದ್ಮಕ್ಕ ಒಳ್ಳೆಯವರೇ. ಆದರೆ ಅವರಿಗೂ ಒಂದು ನಾಲಿಗೆಯಿತ್ತು. "ಏನೇ, ನಿಮ್ಮನೇಲಿ ಹಾಲಿನ ಹೊಳೆನೇ ಹರೀತಿದ್ಯಾ, ಇಷ್ಟು ಹೆಪ್ಪು ಬೇಕಾಗೋಕೆ?" ಎಂದು ಜಗಲಿಯ ಮೇಲಿದ್ದ ನಾಲ್ಕು ಜನಕ್ಕೆ ಕೇಳುವಂತೆ ಕೇಳಿದರು. ಜನ ನಕ್ಕರು. ನಾನೂ ನಕ್ಕೆ. ಬೇರೆ ದಾರಿಯಿರಲಿಲ್ಲ. ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ. ಬಸುರಿ ಬಾಯಾರಿಕೊಂಡು ಮಲಗಿದರೆ ಹೇಗಿರುತ್ತದೆ ಎಂಬುದನ್ನು ತಮಾಷೆಯಾಗಿ ಹೇಳಲು ನನಗೆ ಈಗಲೂ ಬರುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಟ್ಟಲು ಹಿಡಿದು ಹೋದರೆ ಪದ್ಮಕ್ಕನ ಮನೆಗೆ ಬೀಗ. ರಾಮನಾಥಪುರದಲ್ಲಿ ಮದುವೆಯಂತೆ, ಮೊದಲ ಬಸ್ಸಿಗೇ ಎಲ್ಲರೂ ಹೋಗಿದ್ದರು. ನಾನು ಖಾಲಿ ಬಟ್ಟಲು ಹಿಡಿದು ವಾಪಸ್ಸು ಬಂದೆ. ಹಿತ್ತಿಲಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಚೆ ಹೋಗಲು ಜಾಗವಿಲ್ಲ, ಈಚೆ ಬರಲು ಮನಸ್ಸಿಲ್ಲ. ಹೊಟ್ಟೆಯ ಕೆಳಗೆ ಬಿಗಿದುಕೊಂಡು ನೋಯುತ್ತಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಪುಟ್ಟರಾಜುವಿನ ಟ್ರ್ಯಾಕ್ಟರು ಹಾರನ್ನು ಹೊಡೆಯಿತು. "ದ್ಯಾವ್ರು ಒಪ್ಕಂಡ್ತಾ ಸಾ?" ಎಂದು ಅವನು ಕೂಗಿದ್ದು, "ಉತ್ತರಾಯಣ ಅಂತ ಹೇಳಿದ್ನಲ್ಲಯ್ಯ, ಹೋಗು!" ಎಂದು ಮಾವನವರು ಗದರಿದ್ದು ಎರಡೂ ಕೇಳಿಸಿತು. ನಮ್ಮವರು ನನ್ನ ಹಿಂದೆಯೇ ನಿಂತಿದ್ದರು. "ಇನ್ನೊಂಚೂರು ತಡ್ಕೊ, ಏನಾದ್ರೂ ಮಾಡೋಣ," ಎಂದರು. ಮಾಡೋಣ ಎಂಬುದು ನಮ್ಮವರ ಮೆಚ್ಚಿನ ಕ್ರಿಯಾಪದ. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಅಡುಗೆಮನೆಯಿಂದ ಅತ್ತೆ ಎದ್ದು ಬಂದರು. ಮಡಿಸೀರೆ, ಒದ್ದೆ ಜಡೆಗಂಟು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನನ್ನನ್ನು ಮುಟ್ಟಿಕೊಂಡೇ, ಹೌದು, ಮುಟ್ಟಿಕೊಂಡೇ ದಾಟಿ ಹೋಗಿ, ಗೋಡೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡರು. ತುಳಸಿಕಟ್ಟೆಯ ಮುಂದೆ ನಿಂತು ಕೈಮುಗಿದರು. ಗಿಡದ ಬುಡವನ್ನು ಸುತ್ತಲೂ ಬಿಡಿಸಿ, ಬೇರು ಸಮೇತ ಎತ್ತಿ, ಬಚ್ಚಲ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಟ್ಟರು.

ಮಾವನವರು ಓಡಿ ಬಂದರು. "ಏನೇ ಇದು! ಬಕೆಟ್ಟಲ್ಲಿ? ಪ್ಲಾಸ್ಟಿಕ್ ಬಕೆಟ್ಟಲ್ಲಿ?"

"ಮುಚ್ಚಳ ಇದರ ಕೆಳಗೇ ಇದೆ," ಎಂದರು ಅತ್ತೆ. "ಗೊತ್ತಿದ್ದೇ ಕಟ್ಟೆ ಕಟ್ಟಿಸ್ದೆ. ನಾನೇ ಕಟ್ಟಿಸಿದ್ದು."

ಆ ಮನೆಯಲ್ಲಿ ಅತ್ತೆ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ. ಹಾರೆ ಹಾಕುತ್ತ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು. "ನೀವು ಆಗ ಅರಕಲಗೂಡಲ್ಲಿ ಕೆಲಸದಲ್ಲಿದ್ರಿ, ಶನಿವಾರ ಬಂದು ಸೋಮವಾರ ಹೋಗೋರು. ಈ ಮನೇಲಿ ಕಕ್ಕಸು ಇರಲಿಲ್ಲ. ಗಂಡಸರಿಗೆ ಹೊಳೆ. ನಮಗೆ ಬೆಳಕು ಹರಿಯೋಕೆ ಮುಂಚೆ ಓಣಿ ಹಿಂದಿನ ಗದ್ದೆ. ನನ್ನ ಚೊಚ್ಚಲು ಹೊಳೆ ದಾಟಿದ್ದಕ್ಕೆ ಹೋಗಲಿಲ್ಲ. ಕತ್ತಲಲ್ಲಿ ಗದ್ದೆ ಬದು ಜಾರಿ ಬಿದ್ದೆ. ಕೂಸು ಹೋದ ಮೇಲೇ ನನ್ನ ತವರಿಗೆ ಕಳಿಸಿದ್ದು. ಹೊಳೆ ದಾಟೋವಾಗ ನನ್ನ ಹೊಟ್ಟೇಲಿ ಏನೂ ಇರಲಿಲ್ಲ. ಈ ಮನೆ ಸೊಸೆ ಗದ್ದೇಲಿ ಬಿದ್ಲು ಅಂದ್ರೆ ಮರ್ಯಾದೆ ಹೋಗುತ್ತೆ ಅಂತ ನಿಮ್ಮಪ್ಪ, ನಮ್ಮ ಮಾವನೋರು, ಹೊಳೆ ಮೇಲೆ ಹಾಕಿದ್ರು. ನೀವೂ ನಂಬಿದ್ರಿ."

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು ಮತ್ತೆ ಹಾರೆ ಎತ್ತಿದರು.

"ಮಾವನೋರು ಕಾಶಿಗೆ ಹೋದಾಗ ಹಾಸನದಿಂದ ನಮ್ಮಣ್ಣನ್ನ ಕರೆಸ್ದೆ. ಅವನು ಓವರ್ಸಿಯರು. ಅವರು ವಾಪಸ್ ಬರೋದ್ರೊಳಗೆ ಕಕ್ಕಸು ಎದ್ದಿತ್ತು, ಗುಂಡಿ ಮುಚ್ಚಿ ಮೇಲೆ ಕಟ್ಟೆನೂ ಆಗಿತ್ತು. ಬಂದ್ರು, ಕೂಗಾಡಿದ್ರು. ಗುಂಡಿ ಎಲ್ಲಿದೆ ತೋರ್ಸು, ಮಣ್ಣು ತುಂಬಿಸ್ತೀನಿ ಅಂದ್ರು. ನಂಗೇನು ಗೊತ್ತು ಅಂದೆ. ಆಳು ಹಚ್ಚಿ ಹಿತ್ತಿಲೆಲ್ಲ ಅಗೆಸಿದ್ರು. ಕಟ್ಟೆ ಹತ್ರ ಬಂದ್ರು, ಕೈಮುಗಿದ್ರು, ನಿಮ್ಮಣ್ಣ ಒಳ್ಳೆ ಕಟ್ಟೆ ಕಟ್ಟಿಸಿದ್ದಾನೆ, ದೈವಭಕ್ತ ಅಂದು ಒಳಗೆ ಹೋದ್ರು. ಮಳೆಗಾಲ ಬಂತು, ಹೊಳೆಗೆ ಹೋಗೋಕೆ ಸೋಮಾರಿತನ ಬಂತು. ಆಮೇಲೆ ದಿನಾ ಮೊದಲು ಹೋಗ್ತಿದ್ದೋರು ಅವರೇ."

"ಅಂದ್ರೆ ಇಷ್ಟು ವರ್ಷ ನಾನು ದಿನಾ..." ಎಂದರು ಮಾವನವರು.

"ಪ್ರದಕ್ಷಿಣೆ ಹಾಕಿದ್ರಿ. ತುಳಸಿಗೆ ತಾನೆ ಹಾಕಿದ್ದು? ಅವಳೇನು ಬೇಡ ಅಂದ್ಲಾ?"

ಗಾರೆ ಒಡೆಯಿತು. "ಕೊಡವ್ವ ಇಲ್ಲಿ, ನಾನು ಒಡೀತೀನಿ," ಎಂದು, ಗದ್ದಲಕ್ಕೆ ಹಿತ್ತಿಲಿಗೆ ಬಂದಿದ್ದ ಪುಟ್ಟರಾಜು ಎರಡು ಸಲ ಕೇಳಿದ. ಅತ್ತೆ ಹಾರೆ ಬಿಡಲಿಲ್ಲ. ಕಲ್ಲುಚಪ್ಪಡಿ ಕಾಣಿಸಿದ ಮೇಲೆಯೇ ಅವನ ಕೈಗೆ ಕೊಟ್ಟದ್ದು. ಅವನು ಅದನ್ನು ಮೀಟಿ ಸರಿಸಿದಾಗ ಬೀದಿಯ ಒಂದೊಂದೇ ಕಿಟಕಿ ದಡಾರ್ ದಡಾರ್ ಎಂದು ಮುಚ್ಚಿಕೊಂಡಿತು. ಚಪ್ಪಡಿಯ ಸಂದಿಯಲ್ಲಿ ತುಳಸಿಯ ಬೇರು ಜಡೆಯಂತೆ ಕೆಳಗಿಳಿದಿತ್ತು. ಮೂರು ತಲೆಮಾರಿನ ಅನುಷ್ಠಾನವನ್ನು ಪುಟ್ಟರಾಜುವಿನ ಪೈಪು ಅರ್ಧ ಗಂಟೆಯಲ್ಲಿ ಹೀರಿಕೊಂಡು ಹೋಯಿತು. ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಅಂಥ ಸುಖವನ್ನು ಯಾವ ತೀರ್ಥಕ್ಷೇತ್ರವೂ ನನಗೆ ಕೊಟ್ಟಿಲ್ಲ.

ಸುದ್ದಿ ಬೀದಿಗೆ ಹಬ್ಬಲು ಎಷ್ಟು ಹೊತ್ತು? ನಮ್ಮ ತುಳಸಿಯ ತೀರ್ಥವನ್ನು ವರ್ಷಗಟ್ಟಲೆ ಕುಡಿದವರೆಲ್ಲ ಎದೆ ಹಿಡಿದುಕೊಂ‌ಡರು. ಜೋಯಿಸರೇ ಬಂದು ಮನೆ ಮನೆಗೂ ಶುದ್ಧಿ ಮಾಡಿಸಿದರು. ಸಗಣಿ, ಗಂಜಲ ಕಲೆಸಿದ ಪಂಚಗವ್ಯವನ್ನು ಎಲ್ಲರೂ ಕಣ್ಣಿಗೊತ್ತಿಕೊಂಡು ಕುಡಿದು ಶುದ್ಧರಾದರು. ಇದಕ್ಕೆ ಮಾತ್ರ ಯಾವ ಉತ್ತರಾಯಣವೂ ಬೇಕಾಗಲಿಲ್ಲ. ಮಾವನವರು ಕೆಲವು ದಿನ ಜಗಲಿಗೆ ಬರಲಿಲ್ಲ. ಬಕೆಟ್ಟಿನ ತುಳಸಿಯನ್ನು ಅತ್ತೆ ಬಾವಿಯ ಹತ್ತಿರ ನೆಟ್ಟರು. ಅಲ್ಲಿ ಅದು ಎಲ್ಲರ ಮನೆಯ ತುಳಸಿಯಂತೆ ಬಡಕಲಾಗಿ ಬೆಳೆಯಿತು, ಯಾರೂ ಕೈಗುಣ ಹೊಗಳಲಿಲ್ಲ.

ಮರುದಿನ ಅತ್ತೆ ನನ್ನ ಬಟ್ಟೆಗಂಟು ಕಟ್ಟಿ ಮುಂದೆ ಇಟ್ಟರು. "ನಿಮ್ಮಮ್ಮನ ಮನೆಗೆ ಹೋಗಿ ಬಾ. ಹೊಳೆ ದಾಟ್ಕೊಂಡೇ ಹೋಗು." ಮಾವನವರು ಕೆಮ್ಮಿದರು, ಅಷ್ಟೆ. ಬಸ್ಸು ಸೇತುವೆಯ ಮೇಲೆ ಹೋಗುವಾಗ ಕಿಟಕಿಯಿಂದ ಹೊಳೆ ನೋಡಿದೆ. ತೆಳ್ಳಗೆ, ಬಂಡೆಗಳ ನಡುವೆ ತನ್ನ ಪಾಡಿಗೆ ಹರಿಯುತ್ತಿತ್ತು. ಯಾರೋ ಮಾಡಿದ್ದನ್ನು ಅಷ್ಟು ವರ್ಷ ತನ್ನ ತಲೆಯ ಮೇಲೆ ಹೊತ್ತಿದೆ ಪಾಪ ಎನ್ನಿಸಿ, ಅದರ ಮೇಲಿನ ನನ್ನ ಕೋಪ ಹೋಯಿತು. ಚನ್ನರಾಯಪಟ್ಟಣದಲ್ಲಿ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿಯೇ ಅತ್ತಿತು.

ಇದೆಲ್ಲ ಆಗಿ ವರ್ಷಗಳಾದವು. ಮಾವನವರು ಈಗಿಲ್ಲ. ಅತ್ತೆ ನಮ್ಮ ಜೊತೆಯಲ್ಲೇ ಹಾಸನದಲ್ಲಿದ್ದಾರೆ. ಮಡಿ ಸಡಿಲವಾಗಿದೆ, ಬಾಯಿ ಬಿಗಿಯಾಗಿಯೇ ಇದೆ. ಇವತ್ತು ಬೆಳಿಗ್ಗೆ ಗಾಡಿಯವನಿಗೆ ಫೋನು ಮಾಡಿ ನಾವಿಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಮುಚ್ಚಳ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಇದೆ, ಕಾಣುವಂತೆ. ಅದನ್ನು ನೋಡುತ್ತ ನೋಡುತ್ತ, ಇಷ್ಟು ವರ್ಷ ನನ್ನ ಗಂಟಲಲ್ಲೇ ಉಳಿದಿದ್ದ ಒಂದು ಮಾತನ್ನು ಕೇಳಿಬಿಟ್ಟೆ.

"ಅಮ್ಮ, ಮುಚ್ಚಳ ಎಲ್ಲಿದೆ ಅಂತ ನಿಮಗೆ ಮೊದಲ ದಿನವೇ ಗೊತ್ತಿತ್ತು. ನಾನು ಅಷ್ಟು ಒದ್ದಾಡ್ತಿದ್ರೂ ಯಾಕೆ ಸುಮ್ಮನಿದ್ರಿ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಅವನು ದಾರ ಹಿಡ್ಕೊಂಡು ಕಟ್ಟೆ ತನಕ ಬಂದನಲ್ಲ," ಎಂದರು. "ಸರಿಯಾಗಿ ಬಂದ. ನಾನು ಬಾಗಿಲಲ್ಲೇ ಕೂತಿದ್ದೆ. ನನ್ನ ಮಗ ಹೆಂಡ್ತಿಗೋಸ್ಕರ ಒಡೀತಾನೆ ಅಂದ್ಕೊಂಡೆ. ಇವತ್ತು ಒಡೀತಾನೆ, ನಾಳೆ ಒಡೀತಾನೆ ಅಂತ ಕಾದೆ ಕಣೇ. ನಾನು ಒಡೆದ್ರೆ, ಅವನು ಒಡೆಯೋನಲ್ಲ ಅಂತ ನಾನೇ ಒಪ್ಕೊಂಡ ಹಾಗೆ ಆಗ್ತಿತ್ತು."

ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ. ಬೀದಿಯಲ್ಲಿ ಗಾಡಿಯ ಸದ್ದು ಕೇಳಿಸಿತು. ಮಹಡಿಯಿಂದ ಯಾರೂ ಇಳಿಯುವ ಸೂಚನೆಯಿರಲಿಲ್ಲ. ಅತ್ತೆ ಎರಡು ದಿನ ಬಾಯಿ ಮುಚ್ಚಿಕೊಂಡು ಕಾದಿದ್ದರು. ನಾನು ಅಷ್ಟು ಕಾಯುವವಳಲ್ಲ. ಎದ್ದು ಹೋಗಿ ಮೆಟ್ಟಿಲ ಬುಡದಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದೆ:

"ರೀ, ಕೆಳಗೆ ಬನ್ನಿ. ಮುಚ್ಚಳ ನೀವೇ ತೆಗೀಬೇಕು."